ಬಾಳೆಗುಂಟು ಆಸರೆ, ಮನೆಗಿಲ್ಲ

ಆಷಾಢ ಬಂತೆಂದರೆ ಪಾಲಕ್ಕಾಡ್ ಕಣಿವೆಯಿಂದ ನುಗ್ಗುವ ಗಾಳಿ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳನ್ನು ವಾರಗಟ್ಟಲೆ ಅಲುಗಾಡಿಸುತ್ತದೆ. ಅಲ್ಲಿ ಬಾಳೆಗೆ ಗಳುವಿನ ಆಸರೆ, ಕೋಳಿಗೆ ಪರದೆ, ಗಾಳಿಯಂತ್ರಕ್ಕೆ ಕಂಪ್ಯೂಟರ್ ಕಾವಲು. ಮನುಷ್ಯರು ಮಲಗುವ ಸೂರನ್ನು ಬಿಗಿಯುವವರು ಮಾತ್ರ ಕಡಿಮೆ. ಏಕೆ?

ಸಿರುಮುಗೈ ಕಡೆಯ ಬಾಳೆ ತೋಟಗಳಲ್ಲಿ ಬಿಸಿಲೇರುವ ಮೊದಲೇ ಕೆಲಸ ಶುರುವಾಗಿರುತ್ತದೆ. ಗೊನೆ ಹಾಕಿದ ನೇಂದ್ರ ಬಾಳೆಯ ಬುಡದಲ್ಲಿ ಒಬ್ಬ ಗುಂಡಿ ತೋಡುತ್ತಾನೆ, ಇನ್ನೊಬ್ಬ ನೀಲಗಿರಿ ಗಳು ನೆಟ್ಟು ತುದಿಯನ್ನು ಗೊನೆಯ ಕತ್ತಿನ ಕೆಳಗೆ ತಂದು ನಿಲ್ಲಿಸುತ್ತಾನೆ. ಆಮೇಲೆ ಹಗ್ಗ. ಗಿಡದಿಂದ ಗಿಡಕ್ಕೆ ಎಳೆದು ಕಟ್ಟಿದ ಪ್ಲಾಸ್ಟಿಕ್ ಹಗ್ಗದ ಜಾಲ ಇಡೀ ತೋಟವನ್ನು ಒಂದಾಗಿ ಹಿಡಿದುಕೊಳ್ಳುತ್ತದೆ. ಭವಾನಿ ನದಿಯ ಬಯಲಿನಲ್ಲಿ ಒಂದೇ ಒಂದು ಬಿರುಗಾಳಿಯ ಸಂಜೆ ಸಾಕು, ವರ್ಷದ ದುಡಿಮೆ ನೆಲಕ್ಕೆ ಮಲಗಲು.

ತೋಟದ ಅಂಚಿನಲ್ಲಿ ಒಂದು ಮನೆ. ಹಳೆಯ ಹೆಂಚಿನ ಭಾಗಕ್ಕೆ ಮುಂದೆ ಸಿಮೆಂಟ್ ಶೀಟಿನ ಜಗಲಿ, ಹಿಂದೆ ತಗಡಿನ ಅಡುಗೆಮನೆ. ತಗಡಿನ ಮೇಲೆ ನಾಲ್ಕು ಕಲ್ಲು, ಒಂದು ಸವೆದ ಟೈರು. ತೋಟಕ್ಕೆ ಸುರಿದ ಹಗ್ಗದಲ್ಲಿ ಒಂದು ಗಜವೂ ಈ ಚಾವಣಿಗೆ ಬಂದಿಲ್ಲ. ಮೆಟ್ಟುಪಾಳ್ಯದಿಂದ ಸತ್ಯಮಂಗಲದ ಕಡೆಗೆ ಹೋಗುವ ರಸ್ತೆಯುದ್ದಕ್ಕೂ ಇಂಥ ತೋಟ, ಇಂಥ ಮನೆ ಸಿಗುತ್ತವೆ.

ಬಾಳೆಯನ್ನು ಇಷ್ಟು ಜೋಪಾನ ಮಾಡುವ ಕೈಗಳು ಮನೆಯನ್ನೇಕೆ ಹಾಗೇ ಬಿಡುತ್ತವೆ? ಗಾಳಿಯ ಬಲ ಗೊತ್ತಿಲ್ಲದ್ದರಿಂದ ಎನ್ನುವಂತಿಲ್ಲ. ಗಾಳಿ ಯಾವ ದಿಕ್ಕಿನಿಂದ ಬರುತ್ತದೆ, ಯಾವ ತಿಂಗಳಲ್ಲಿ ಬರುತ್ತದೆ, ಎಷ್ಟು ಭಾರವನ್ನು ಉರುಳಿಸುತ್ತದೆ ಎಂಬುದು ಆ ರೈತನಿಗೆ ಗೊತ್ತಿರುವಷ್ಟು ಯಾವ ಎಂಜಿನಿಯರಿಗೂ ಗೊತ್ತಿಲ್ಲ.

ಬೆಟ್ಟ ಬಿಟ್ಟುಕೊಟ್ಟ ದಾರಿ

ಪಶ್ಚಿಮ ಘಟ್ಟ ಗುಜರಾತಿನ ಗಡಿಯಿಂದ ಕನ್ಯಾಕುಮಾರಿವರೆಗೆ ಗೋಡೆಯಂತೆ ನಿಂತಿದೆ. ಆ ಗೋಡೆಯಲ್ಲಿ ಅತಿ ದೊಡ್ಡ ತೆರವು ಪಾಲಕ್ಕಾಡ್ ಕಣಿವೆ. ಉತ್ತರಕ್ಕೆ ನೀಲಗಿರಿ, ದಕ್ಷಿಣಕ್ಕೆ ಆನೆಮಲೆ, ನಡುವೆ ಮೂವತ್ತು ನಲವತ್ತು ಕಿಲೊಮೀಟರ್ ಅಗಲದ ತಗ್ಗು. ಮುಂಗಾರಿನ ಗಾಳಿ ಬೇರೆಡೆ ಬೆಟ್ಟಕ್ಕೆ ಬಡಿದು ಮೇಲೇರಿ ಮಳೆ ಸುರಿಸಿದರೆ, ಇಲ್ಲಿ ನೇರವಾಗಿ ಒಳನುಗ್ಗುತ್ತದೆ. ಪೊಳ್ಳಾಚಿ, ಪಲ್ಲಡಂ, ಉಡುಮಲೈಪೇಟೆ, ಧಾರಾಪುರ ಎಲ್ಲವೂ ಈ ಗಾಳಿಯ ಹಾದಿಯಲ್ಲೇ ಇವೆ.

ತಮಿಳರ ಆಡಿ ತಿಂಗಳು ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಆಡಿ ಗಾಳಿಗೆ ಅರೆಯುವ ಕಲ್ಲೂ ಹಾರುತ್ತದೆ ಎಂಬುದು ಅವರ ಗಾದೆ. ಇಷ್ಟು ಗಾಳಿಯಿದ್ದೂ ಇದು ಮಳೆನೆರಳಿನ ಸೀಮೆ. ಕೊಯಮತ್ತೂರಿಗೆ ವರ್ಷಕ್ಕೆ ಬೀಳುವ ಮಳೆ 70 ಸೆಂಟಿಮೀಟರ್ ಆಸುಪಾಸು, ಅದರಲ್ಲೂ ಹೆಚ್ಚಿನದು ಹಿಂಗಾರಿನಲ್ಲಿ. ಚಂಡಮಾರುತ ಎಂದರೆ ಕಡಲೂರು, ನಾಗಪಟ್ಟಣದವರ ಕಷ್ಟ, ನಮ್ಮದಲ್ಲ ಎಂಬ ನಂಬಿಕೆ ಇಲ್ಲಿ ಗಟ್ಟಿಯಾಗಿ ಕೂತಿದೆ.

ಆ ನಂಬಿಕೆಗೆ ಆಧಾರ ತೀರಾ ಗಟ್ಟಿಯಿಲ್ಲ. 2018ರ ನವೆಂಬರ್ 16ರಂದು ವೇದಾರಣ್ಯದ ಬಳಿ ದಡ ಸೇರಿದ ‘ಗಜ’ ಚಂಡಮಾರುತ ಕರಾವಳಿಯಲ್ಲಿ ನಿಲ್ಲಲಿಲ್ಲ. ಬಲ ಕಳೆದುಕೊಳ್ಳುತ್ತ ದಿಂಡಿಗಲ್, ಕೊಡೈಕೆನಾಲ್ ಕಡೆ ದಾಟಿ ಕೇರಳಕ್ಕಿಳಿಯಿತು. 2024ರ ನವೆಂಬರ್ ಕೊನೆಯಲ್ಲಿ ಪುದುಚೇರಿ ಬಳಿ ದಡ ಮುಟ್ಟಿದ ‘ಫೆಂಗಲ್’ ಸಮುದ್ರದಿಂದ ಬಹುದೂರದ ಕೃಷ್ಣಗಿರಿ ಜಿಲ್ಲೆಯ ಊತ್ತಂಗರೈಯಲ್ಲೂ ಅತಿ ಭಾರಿ ಮಳೆ ಸುರಿಸಿತು. ಒಂದೇ ದಿನ 50 ಸೆಂಟಿಮೀಟರ್.

> ಊರಿಗೊಂದು ಗಾಳಿ ಲೆಕ್ಕ
>
> ಕಟ್ಟಡ ಕಟ್ಟುವಾಗ ಎಷ್ಟು ಗಾಳಿಗೆ ತಯಾರಿರಬೇಕು ಎಂದು ಭಾರತೀಯ ಮಾನಕ ಐಎಸ್ 875ರ ಮೂರನೇ ಭಾಗ ಊರೂರಿಗೆ ಗೊತ್ತುಮಾಡಿದೆ. ನೆಲದಿಂದ ಹತ್ತು ಮೀಟರ್ ಎತ್ತರದಲ್ಲಿ, ಐವತ್ತು ವರ್ಷಕ್ಕೊಮ್ಮೆ ಬರಬಹುದಾದ ಬೀಸಿನ ವೇಗ ಇದು.
>
> ಬೆಂಗಳೂರು, ಮೈಸೂರು: ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 119 ಕಿ.ಮೀ.
>
> ಕೊಯಮತ್ತೂರು, ಮಂಗಳೂರು: 39 ಮೀಟರ್, ಗಂಟೆಗೆ ಸುಮಾರು 140 ಕಿ.ಮೀ.
>
> ಚೆನ್ನೈ: 50 ಮೀಟರ್, ಗಂಟೆಗೆ 180 ಕಿ.ಮೀ.

ಮಾನಕದ ಲೆಕ್ಕದಲ್ಲಿ ಘಟ್ಟದ ಆಚೆಯ ಕೊಯಮತ್ತೂರು ಕಡಲ ದಂಡೆಯ ಮಂಗಳೂರಿಗೆ ಸಮ. ಮನೆ ಕಟ್ಟುವ ಸಾಮಾನ್ಯ ಕುಟುಂಬಕ್ಕೆ ಈ ಸಂಖ್ಯೆಯನ್ನು ಹೇಳುವವರು ಯಾರೂ ಇಲ್ಲ.

ಕೋಳಿಗೆ ಪರದೆ, ಯಂತ್ರಕ್ಕೆ ಕಾವಲು

ಪಲ್ಲಡಂ ಸುತ್ತ ಬ್ರಾಯ್ಲರ್ ಕೋಳಿ ಸಾಕಣೆ ದೊಡ್ಡ ಉದ್ಯಮ. ಕಂಪನಿ ಮರಿ, ಮೇವು, ಔಷಧ ಕೊಡುತ್ತದೆ. ರೈತ ಶೆಡ್ ಕಟ್ಟಿ, ಸಾಕಿ, ಕಿಲೊ ಲೆಕ್ಕದಲ್ಲಿ ಕೂಲಿ ಪಡೆಯುತ್ತಾನೆ. ಶೆಡ್ ಉದ್ದಕ್ಕೆ ಪೂರ್ವ ಪಶ್ಚಿಮವಾಗಿಯೇ ಇರಬೇಕು. ಅಕ್ಕಪಕ್ಕದ ಜಾಲರಿಗೆ ಇಳಿಬಿಟ್ಟ ಪರದೆ ಗಾಳಿಮಳೆ ಬಂದಾಗ ಏರಬೇಕು, ನಿಂತಾಗ ಇಳಿಯಬೇಕು. ಕಂಪನಿಯ ಮೇಲ್ವಿಚಾರಕ ಬಂದು ನೋಡುತ್ತಾನೆ. ಶೀಟು ಸಡಿಲವಾಗಿದ್ದರೆ ಮುಂದಿನ ತಂಡದ ಮರಿ ತಡವಾಗಬಹುದೆಂಬ ಅಳುಕು ರೈತನಿಗೆ ಇದ್ದೇ ಇರುತ್ತದೆ.

ಅಲ್ಲಿಂದ ದಕ್ಷಿಣಕ್ಕೆ ಉಡುಮಲೈಪೇಟೆ ಕಡೆ ಹೊರಟರೆ ಗಾಳಿಯಂತ್ರಗಳು ಸಾಲುಗಟ್ಟುತ್ತವೆ. ಗಾಳಿ ಬಂದಾಗ ತೂರಿಕೋ ಎಂಬ ನಮ್ಮ ಗಾದೆಯನ್ನು 1990ರ ದಶಕದಿಂದ ಅಕ್ಷರಶಃ ನಡೆಸಿಕೊಂಡು ಬಂದ ಸೀಮೆ ಇದು. ಪ್ರತಿ ಯಂತ್ರದ ನೆತ್ತಿಯಲ್ಲೂ ಗಾಳಿ ಅಳೆಯುವ ಉಪಕರಣ ಇದೆ. ವೇಗ ಸೆಕೆಂಡಿಗೆ ಸುಮಾರು 25 ಮೀಟರ್ ದಾಟಿದರೆ ಯಂತ್ರ ತಾನಾಗಿಯೇ ರೆಕ್ಕೆಗಳನ್ನು ಹೊರಳಿಸಿ, ಗಾಳಿಗೆ ಮೈಕೊಡದೆ ನಿಂತುಬಿಡುತ್ತದೆ. ಬ್ಯಾಂಕು ಸಾಲ ಕೊಟ್ಟಿರುತ್ತದೆ, ವಿಮಾ ಕಂಪನಿ ಕಾಗದ ಬರೆದಿರುತ್ತದೆ, ತಯಾರಕನ ಖಾತರಿ ಇರುತ್ತದೆ. ಇಷ್ಟು ಜನರ ದುಡ್ಡು ನಿಂತ ಕಂಬಕ್ಕೆ ಕಾವಲು ತಪ್ಪುವುದಿಲ್ಲ.

ಇಲ್ಲೇ ಉತ್ತರದ ಎಳೆ ಸಿಗುತ್ತದೆ ಎಂದು ನನಗನ್ನಿಸುತ್ತದೆ. ಬಾಳೆಯ ಹಿಂದೆ ಮಂಡಿಯ ವ್ಯಾಪಾರಿ ಇದ್ದಾನೆ, ಬೆಳೆಸಾಲ ಇದೆ. ಕೋಳಿಯ ಹಿಂದೆ ಕಂಪನಿ, ಯಂತ್ರದ ಹಿಂದೆ ಬ್ಯಾಂಕು. ಕಾಪಾಡದಿದ್ದರೆ ಕೇಳುವವರು ಇದ್ದಾರೆ, ಕಾಪಾಡಿದರೆ ಅದೇ ವರ್ಷ ಹಣ ಕೈಗೆ ಬರುತ್ತದೆ. ಮನೆಯ ಚಾವಣಿ ಹಾರಿದರೆ ಕೇಳಲು ಬರುವ ಎರಡನೆಯವನು ಯಾರೂ ಇಲ್ಲ. ಹಾರದೆ ಉಳಿದರೆ ಉಳಿಯಿತೆಂಬುದೇ ಗೊತ್ತಾಗುವುದಿಲ್ಲ. ಗೊನೆ ಉಳಿದರೆ ತಕ್ಕಡಿಗೆ ಹೋಗುತ್ತದೆ. ಉಳಿದ ಚಾವಣಿಗೆ ಯಾವ ತಕ್ಕಡಿಯೂ ಇಲ್ಲ.

ಚಾವಣಿ ಹಾರುವ ಬಗೆ

ಗಾಳಿ ಚಾವಣಿಯನ್ನು ತಳ್ಳಿ ಕೆಡವುತ್ತದೆ ಎಂದೇ ಬಹಳ ಜನ ತಿಳಿದಿದ್ದಾರೆ. ನಿಜವಾಗಿ ಅದು ಮೇಲಕ್ಕೆ ಎಳೆಯುತ್ತದೆ. ಬಿರುಗಾಳಿಯಲ್ಲಿ ಕೊಡೆ ತಿರುವುಮುರುವಾಗುವುದನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಇಳಿಜಾರು ಕಡಿಮೆಯಿರುವ ಚಾವಣಿಯ ಮೇಲಿಂದ ಗಾಳಿ ರಭಸದಿಂದ ಹಾಯುವಾಗ ಅಲ್ಲಿ ಒತ್ತಡ ಇಳಿಯುತ್ತದೆ. ಅಷ್ಟರಲ್ಲಿ ಪಶ್ಚಿಮದ ಕಿಟಕಿಯೋ ಬಾಗಿಲೋ ಕಿತ್ತುಬಂದರೆ ಒಳನುಗ್ಗಿದ ಗಾಳಿ ಕೆಳಗಿನಿಂದಲೂ ಎತ್ತುತ್ತದೆ. ಎಳೆತ ಹೆಚ್ಚು ಬೀಳುವುದು ಮೂಲೆಗಳಿಗೆ, ಸೂರಿನ ಅಂಚಿಗೆ. ಒಂದು ಮೂಲೆ ಎದ್ದಿತೆಂದರೆ ಉಳಿದದ್ದು ಅದರ ಹಿಂದೆಯೇ ಹೋಗುತ್ತದೆ.

ಲೆಕ್ಕ ಸರಳ. ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟಾಗುತ್ತದೆ. ಕೊಯಮತ್ತೂರಿಗೆ ಗೊತ್ತುಮಾಡಿದ 39 ಮೀಟರ್ ವೇಗದಲ್ಲಿ ಒಂದು ಚದರ ಮೀಟರಿನ ಮೇಲೆ 90 ಕಿಲೊಗೂ ಹೆಚ್ಚಿನ ತೂಕದಷ್ಟು ಒತ್ತಡ ಬೀಳುತ್ತದೆ. ಅದೇ ಅಳತೆಯ ತೆಳು ತಗಡಿನ ತೂಕ ಐದು ಕಿಲೊ ಆಸುಪಾಸು. ಅದರ ಮೇಲಿಟ್ಟ ಕಲ್ಲು ತಗಡನ್ನು ಹಿಡಿದಿಡುವುದಿಲ್ಲ. ತಗಡು ಎದ್ದಾಗ ಆ ಕಲ್ಲು ಮಲಗಿದವರ ಮೇಲೋ ಪಕ್ಕದ ಮನೆಯವರ ಮೇಲೋ ಬೀಳುತ್ತದೆ. ನಮ್ಮ ಬಯಲುಸೀಮೆಯ ಊರುಗಳಲ್ಲೂ ಈ ಕಲ್ಲುಗಳನ್ನು ಮನೆಮನೆಯ ಮೇಲೆ ಕಾಣಬಹುದು.

> ಬಿಗಿಯಬೇಕಾದ್ದು ಎಲ್ಲಿ?
>
> ಶೀಟಿನ ಮೂಲೆ ಮತ್ತು ಅಂಚುಗಳಲ್ಲಿ ಕೊಕ್ಕೆ ಬೋಲ್ಟುಗಳು ಹತ್ತಿರ ಹತ್ತಿರ ಇರಬೇಕು. ನಡುವೆ ಅಂತರ ಹೆಚ್ಚಿದ್ದರೂ ನಡೆದೀತು.
>
> ಶೀಟು ತೊಲೆಗೆ ಬಿಗಿದರೆ ಸಾಲದು. ತೊಲೆ ಗೋಡೆಗೆ, ಗೋಡೆ ತಳಪಾಯಕ್ಕೆ ಕಟ್ಟಿಕೊಂಡಿರಬೇಕು. ತೊಲೆ ಸಮೇತ ಹಾರಿದ ಚಾವಣಿಗಳು ಬೇಕಾದಷ್ಟಿವೆ.
>
> ಹೆಂಚಿನ ಮನೆಯಲ್ಲಿ ಸೂರಿನ ಸಾಲು, ನೆತ್ತಿಯ ಸಾಲು ಮತ್ತು ಎರಡು ಪಕ್ಕದ ಅಂಚಿನ ಹೆಂಚುಗಳನ್ನು ತಂತಿಯಿಂದ ಪಟ್ಟಿಗೆ ಕಟ್ಟಬೇಕು.
>
> ಸೂರು ಗೋಡೆಯಿಂದ ಹೆಚ್ಚು ಹೊರಚಾಚಿದಷ್ಟೂ ಗಾಳಿಗೆ ಹಿಡಿ ಸಿಕ್ಕಂತೆ. ಜಗಲಿಯ ಚಾವಣಿ ಮನೆಯ ಚಾವಣಿಯಿಂದ ಬೇರೆಯಾಗಿದ್ದರೆ ಒಂದು ಹೋದರೂ ಇನ್ನೊಂದು ಉಳಿಯುತ್ತದೆ.

ಇದರಲ್ಲಿ ಯಾವುದೂ ದುಬಾರಿಯಲ್ಲ. ಮನೆಯ ಮುಂಭಾಗಕ್ಕೆ ಹಾಕುವ ಬಣ್ಣದ, ಸ್ಟೀಲ್ ಗೇಟಿನ ಖರ್ಚಿನ ಮುಂದೆ ಬೋಲ್ಟು, ತಂತಿಯ ಖರ್ಚು ಯಾವ ಲೆಕ್ಕಕ್ಕೂ ಇಲ್ಲ. ಆದರೆ ಗೃಹಪ್ರವೇಶಕ್ಕೆ ಬಂದವರು ಗೇಟು ನೋಡುತ್ತಾರೆ, ಶೀಟಿನ ಕೆಳಗಿನ ಬೋಲ್ಟನ್ನು ಎಣಿಸುವುದಿಲ್ಲ. ಮೇಸ್ತ್ರಿ ಪಕ್ಕದ ಮನೆಗೆ ಹೇಗೆ ಮಾಡಿದನೋ ಹಾಗೇ ಇಲ್ಲೂ ಮಾಡುತ್ತಾನೆ. ಪಕ್ಕದ ಮನೆಯವನು ಬಿಗಿಸಿಲ್ಲ, ಅವನಿಗೇನೂ ಆಗಿಲ್ಲ ಎಂಬುದೇ ಕೊನೆಗೆ ಪ್ರಮಾಣವಾಗುತ್ತದೆ.

ಬಾಡಿಗೆಯ ಚಾವಣಿ

ತಿರುಪ್ಪೂರಿನ ಮಾತು ಇನ್ನೂ ಬೇರೆ. ಬನಿಯನ್ ಕಂಪನಿಗಳ ಈ ಊರಿಗೆ ಒಡಿಶಾ, ಬಿಹಾರ, ಜಾರ್ಖಂಡಿನಿಂದ ದುಡಿಯಲು ಬಂದವರು ಬಹಳ. ಅವರಲ್ಲಿ ಅನೇಕರ ವಾಸ ಲೈನ್ ಮನೆಗಳಲ್ಲಿ: ಒಂದೇ ಉದ್ದನೆಯ ಚಾವಣಿಯ ಕೆಳಗೆ ಸಾಲು ಕೋಣೆಗಳು, ಮೇಲೆ ಶೀಟು. ಒಡಿಶಾದ ಕರಾವಳಿಯಿಂದ ಬಂದವರಿಗೆ 1999ರ ಮಹಾ ಚಂಡಮಾರುತ ಮನೆಯ ಹಿರಿಯರ ಬಾಯಲ್ಲಿ ಕೇಳಿದ ಕತೆ, 2013ರ ‘ಫೈಲಿನ್’, 2019ರ ‘ಫಾನಿ’ ಕಂಡ ಸಂಗತಿ. ಗಾಳಿ ಏನು ಮಾಡಬಲ್ಲದೆಂದು ಅವರಿಗೆ ಹೇಳಿಕೊಡಬೇಕಿಲ್ಲ.

ಹೇಳಿಕೊಟ್ಟೂ ಪ್ರಯೋಜನವಿಲ್ಲ, ಚಾವಣಿ ಅವರದಲ್ಲ. ಬೋಲ್ಟು ಹಾಕಿಸಿದರೆ ಖರ್ಚು ಬಾಡಿಗೆದಾರನದು, ಆಸ್ತಿ ಒಡೆಯನದು. ಒಡೆಯನಿಗೆ ಬಾಡಿಗೆ ಹೇಗೂ ಬರುತ್ತದೆ, ಹಾರಿದರೆ ಹೊಸ ಶೀಟು ಹಾಕಿಸಿದರಾಯಿತು. ಕೆಳಗೆ ಮಲಗುವವನು ಮತ್ತು ಮೇಲಿನದನ್ನು ಬಿಗಿಸಬೇಕಾದವನು ಬೇರೆಬೇರೆಯಾದಾಗ ಸೂರು ಸಡಿಲವಾಗಿಯೇ ಉಳಿಯುತ್ತದೆ.

ನೊಯ್ಯಲ್ ನದಿಗೆ ಸೇರುವ ಹಳ್ಳಗಳ ದಂಡೆಯ ಮನೆಗಳದು ಮೂರನೇ ಬಗೆ. ಪಟ್ಟಾ ಇಲ್ಲದ ಜಾಗದಲ್ಲಿ ಗೋಡೆ ಗಟ್ಟಿ ಮಾಡಿದರೆ ನಾಳೆ ತೆರವು ಮಾಡುವಾಗ ಅಷ್ಟೂ ಮಣ್ಣುಪಾಲು. ಹಾಗಾಗಿ ಅಲ್ಲಿನವರು ಬಿಚ್ಚಿ ಒಯ್ಯಬಹುದಾದ ತಗಡು, ತಾಡಪಾಲು, ಗಳುಗಳಲ್ಲೇ ಮನೆ ಕಟ್ಟುತ್ತಾರೆ. ಇದು ಅಜ್ಞಾನವಲ್ಲ, ಚೆನ್ನಾಗಿ ಹಾಕಿದ ಲೆಕ್ಕ.

ಹೆಂಚು ಕೈಯಾಡಿಸುವವರು

ಕೊಯಮತ್ತೂರು ಕನ್ನಡಿಗರಿಗೆ ಹೊರಗಿನ ಊರಲ್ಲ. 1956ರಲ್ಲಿ ರಾಜ್ಯಗಳ ಮರುವಿಂಗಡಣೆ ಆಗುವವರೆಗೆ ನಮ್ಮ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿತ್ತು. ಇಂದಿಗೂ ನಗರದೊಳಗೆ, ನೆಗಮಂ, ಸಿರುಮುಗೈ ಕಡೆಗಳಲ್ಲಿ ಮನೆಮಾತು ಕನ್ನಡವಾಗಿರುವ ದೇವಾಂಗ ನೇಕಾರರಿದ್ದಾರೆ. ವಿಜಯದಶಮಿಯಂದು ಚೌಡೇಶ್ವರಿಯ ಮುಂದೆ ಕತ್ತಿ ಹಾಕಿಕೊಳ್ಳುವ ಅವರ ಹಬ್ಬವನ್ನು ನೋಡಲು ಊರೇ ನೆರೆಯುತ್ತದೆ.

ನೇಕಾರನ ಮನೆಯಲ್ಲಿ ಮಗ್ಗವಿರುವುದು ನೆಲದೊಳಗೆ. ಗುಂಡಿಗೆ ಕಾಲಿಳಿಸಿ ಕೂತು ನೇಯುವ ಮಗ್ಗ ಅದು. ಚಾವಣಿ ಸೋರಿದರೆ ನೀರು ಮೊದಲು ಗುಂಡಿಗೇ ಇಳಿಯುತ್ತದೆ. ಹಾಸು ನೆನೆದರೆ ನೂಲು ಹಿಗ್ಗಿ ಜಗ್ಗಿ, ಸೀರೆ ಕೆಟ್ಟು, ಕೂಲಿ ನಿಲ್ಲುತ್ತದೆ. ನೂಲಾದರೂ ಯಾರದು? ಸಂಘದ್ದು, ಇಲ್ಲವೆ ಕೊಟ್ಟು ನೇಯಿಸುವ ಸಾಹುಕಾರನದು. ಅದಕ್ಕೇ ಇಂಥ ಮನೆಗಳಲ್ಲಿ ಮಳೆಗಾಲಕ್ಕೆ ಮೊದಲು ಹೆಂಚು ಕೈಯಾಡಿಸುವ ಕೆಲಸ ಬಿಡುವಂಥದ್ದಲ್ಲ. ಒಡೆದದ್ದನ್ನು ತೆಗೆದು, ಸರಿದದ್ದನ್ನು ಕೂರಿಸಿ, ಗೆದ್ದಲು ಹತ್ತಿದ ಪಟ್ಟಿ ಬದಲಾಯಿಸಿದ ಮೇಲೇ ಮಗ್ಗದ ಚಿಂತೆ ಕಳೆಯುತ್ತದೆ.

ಇಲ್ಲಿ ಮನೆಯೇ ದುಡಿಮೆಯ ಜಾಗ. ಸೂರಿನ ಕೆಳಗೆ ಇನ್ನೊಬ್ಬರ ನೂಲಿದೆ. ಗಟ್ಟಿಯಾದ ಚಾವಣಿಗೆ ಇದಕ್ಕಿಂತ ಬಲವಾದ ಕಾರಣ ಈ ಸೀಮೆಯಲ್ಲಿ ನನಗೆ ಕಂಡಿಲ್ಲ. ಮಗ್ಗ ಬಿಟ್ಟು ಮಕ್ಕಳು ಬೇರೆ ಕೆಲಸ ಹಿಡಿದ ಮೇಲೆ ಅದೇ ಚಾವಣಿಯ ಮೇಲಿನ ಕಣ್ಣೂ ತಪ್ಪುತ್ತದೆ.

ನಡೂರಿನ ಗೋಡೆ

ಮನೆಯನ್ನು ಕಾಪಾಡುವುದು ಅವರವರ ಸ್ವಂತ ವಿಷಯ ಎನ್ನುವವರು ನಡೂರನ್ನು ನೆನೆಯಬೇಕು. 2019ರ ಡಿಸೆಂಬರ್ 2ರ ಬೆಳಗಿನ ಜಾವ, ರಾತ್ರಿಯೆಲ್ಲ ಸುರಿದ ಹಿಂಗಾರು ಮಳೆಯಲ್ಲಿ, ಮೆಟ್ಟುಪಾಳ್ಯದ ಬಳಿಯ ಈ ಊರಿನಲ್ಲಿ ಒಂದು ಕಾಂಪೌಂಡ್ ಗೋಡೆ ಉರುಳಿತು. ಸುಮಾರು 20 ಅಡಿ ಎತ್ತರದ ಕಲ್ಲಿನ ಗೋಡೆ. ಸಿರಿವಂತ ವ್ಯಾಪಾರಿಯೊಬ್ಬರು ತಮ್ಮ ಮನೆಗೆಂದು ಕಟ್ಟಿಸಿದ್ದು. ಅದರ ಬುಡಕ್ಕೇ ಅಂಟಿಕೊಂಡಂತೆ ಅರುಂಧತಿಯಾರ್ ಸಮುದಾಯದ ದಲಿತ ಕುಟುಂಬಗಳ ಹೆಂಚಿನ ಮನೆಗಳಿದ್ದವು. ನಿದ್ದೆಯಲ್ಲಿದ್ದ 17 ಮಂದಿ ಸತ್ತರು.

ಗೋಡೆ ಅಪಾಯದ್ದು ಎಂದು ಅಲ್ಲಿನವರು ಮೊದಲೇ ದೂರಿದ್ದರು. ಅದನ್ನು ಅಸ್ಪೃಶ್ಯತೆಯ ಗೋಡೆ ಎಂದೇ ಅವರು ಕರೆಯುತ್ತಿದ್ದರು. ಕೊನೆಗೆ ಗೋಡೆಯ ಒಡೆಯರ ಬಂಧನವಾಯಿತು. ಆಗಿನ ಮುಖ್ಯಮಂತ್ರಿ ಎಡಪ್ಪಾಡಿ ಪಳನಿಸ್ವಾಮಿ ಬಂದು ಪರಿಹಾರ ಘೋಷಿಸಿದರು. ಒಬ್ಬ ತಂದೆ, ಟೀ ಅಂಗಡಿಯಲ್ಲಿ ದುಡಿಯುವವರು, ಗೋಡೆಯಡಿ ಸತ್ತ ತಮ್ಮ ಮಗ ಮತ್ತು ಮಗಳ ಕಣ್ಣುಗಳನ್ನು ದಾನ ಮಾಡಿದರು.

ಮಣ್ಣಿಗೆ ಆತುಕೊಂಡ ಎತ್ತರದ ಗೋಡೆಗೆ ನೀರು ಬಸಿಯುವ ತೂತುಗಳು ಬೇಕು, ನಡುನಡುವೆ ಆನಿಕೆ ಕಂಬಗಳು ಬೇಕು. ಇಲ್ಲದಿದ್ದರೆ ನೆನೆದ ಮಣ್ಣು ಹಿಂದಿನಿಂದ ದೂಡುತ್ತಲೇ ಇರುತ್ತದೆ. ಇದು ಯಾವ ಮೇಸ್ತ್ರಿಗೂ ಹೊಸ ವಿದ್ಯೆಯಲ್ಲ. ತನ್ನ ಮನೆಯನ್ನು ಕಾಪಾಡಿಕೊಳ್ಳಲು ಎಷ್ಟು ಬೇಕಾದರೂ ಖರ್ಚು ಮಾಡಬಲ್ಲವನ ಗೋಡೆ, ತಮ್ಮ ಮನೆಯನ್ನು ಕಾಪಾಡಿಕೊಳ್ಳಲು ಏನೂ ಇಲ್ಲದವರ ಮೇಲೆ ಬಿತ್ತು. ಅವರು ತಮ್ಮ ಹೆಂಚುಗಳನ್ನು ಎಷ್ಟೇ ಬಿಗಿದಿದ್ದರೂ ಆ ರಾತ್ರಿ ಉಪಯೋಗಕ್ಕೆ ಬರುತ್ತಿರಲಿಲ್ಲ.

ಅಮೆರಿಕ ಕಲಿತ ಪಾಠ

ಹಣವಿದ್ದ ಮಾತ್ರಕ್ಕೆ ಮನೆ ಬಿಗಿಯುತ್ತಾರೆ ಎಂದೇನೂ ಇಲ್ಲ. 1992ರ ಆಗಸ್ಟ್ 24ರಂದು ‘ಆ್ಯಂಡ್ರ್ಯೂ’ ಚಂಡಮಾರುತ ಫ್ಲಾರಿಡಾದ ಮಯಾಮಿ ನಗರದ ದಕ್ಷಿಣಕ್ಕೆ ಅಪ್ಪಳಿಸಿದಾಗ ಹೊಸ ಬಡಾವಣೆಗಳ ಚಾವಣಿಗಳೇ ಕಿತ್ತುಹೋದವು. ತನಿಖೆ ಮಾಡಿದವರು ಕಂಡದ್ದು ಮೊಳೆಯಿರಬೇಕಾದ ಕಡೆ ಸ್ಟೇಪಲ್ ಪಿನ್ನು, ಅದೂ ಮರದ ಚೌಕಟ್ಟಿಗೆ ತಾಗದೆ ಪಕ್ಕಕ್ಕೆ ಹೊಡೆದದ್ದು. ಆಮೇಲೆ ನಿಯಮಗಳು ಬಿಗಿಯಾದವು, 2002ರಿಂದ ಇಡೀ ರಾಜ್ಯಕ್ಕೆ ಒಂದೇ ಕಟ್ಟಡ ಸಂಹಿತೆ ಬಂತು.

ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ರಾಬರ್ಟ್ ಮೇಯರ್ ಮತ್ತು ಸಂಗಡಿಗರು 2012ರಲ್ಲಿ ಚಂಡಮಾರುತ ಬರುತ್ತಿರುವಾಗಲೇ ಕರಾವಳಿಯ ಜನರನ್ನು ಮಾತಾಡಿಸಿದರು. ಜನ ಗಾಳಿಗೆ ಅಗತ್ಯಕ್ಕಿಂತ ಹೆಚ್ಚೇ ಹೆದರಿದ್ದರು, ನೀರಿನ ಅಪಾಯವನ್ನು ಕಡಿಮೆ ಅಂದಾಜಿಸಿದ್ದರು. ಅಷ್ಟು ಹೆದರಿಯೂ ಹೆಚ್ಚಿನವರ ತಯಾರಿ ಒಂದೆರಡು ದಿನಕ್ಕೆ ಬೇಕಾದ ದಿನಸಿ ತರುವಲ್ಲಿಗೆ ಮುಗಿದಿತ್ತು. ಹೆದರಿಸಿದರೆ ಜನ ಎಚ್ಚೆತ್ತುಕೊಳ್ಳುತ್ತಾರೆ ಎಂಬ ನಂಬಿಕೆಗೆ ಇದು ತಕ್ಕ ಉತ್ತರ.

ಅಲಬಾಮಾ ಬೇರೆ ದಾರಿ ಹಿಡಿಯಿತು. ಚಾವಣಿ ಬಿಗಿಸಿಕೊಳ್ಳುವ ಮನೆಯೊಡೆಯರಿಗೆ ಅಲ್ಲಿನ ಸರ್ಕಾರ 10,000 ಡಾಲರ್‌ವರೆಗೆ ನೆರವು ಕೊಡುತ್ತದೆ. ಪರೀಕ್ಷಕ ಬಂದು ನೋಡಿ ಪ್ರಮಾಣಪತ್ರ ಕೊಟ್ಟರೆ ವಿಮಾ ಕಂಪನಿ ಕಂತನ್ನು ಇಳಿಸಲೇಬೇಕೆಂಬ ಕಾನೂನಿದೆ. 2020ರ ‘ಸ್ಯಾಲಿ’ ಚಂಡಮಾರುತದ ಬಳಿಕ ನೋಡಿದರೆ, ಹೀಗೆ ಬಿಗಿದ ಮನೆಗಳಿಂದ ಬಂದ ಪರಿಹಾರದ ಅರ್ಜಿಗಳು ಕಡಿಮೆಯಿದ್ದವು. ಬಾಳೆಯ ಹಿಂದಿರುವ ಮಂಡಿ ವ್ಯಾಪಾರಿಯಂತೆ, ಚಾವಣಿಯ ಹಿಂದೆಯೂ ಎರಡನೆಯವರೊಬ್ಬರು ಬಂದು ನಿಂತಂತಾಯಿತು.

> ಹಾರಿದ ಮೇಲೆ ಸಿಗುವುದು
>
> 2022ರಿಂದ 2026ರ ಅವಧಿಗೆ ಕೇಂದ್ರ ಗೊತ್ತುಮಾಡಿದ ವಿಪತ್ತು ಪರಿಹಾರದ ದರ: ಬಯಲು ಪ್ರದೇಶದಲ್ಲಿ ಪೂರ್ತಿ ಬಿದ್ದ ಮನೆಗೆ ₹1.20 ಲಕ್ಷ, ಭಾಗಶಃ ಹಾನಿಯಾದ ಪಕ್ಕಾ ಮನೆಗೆ ₹6,500, ಕಚ್ಚಾ ಮನೆಗೆ ₹4,000, ಗುಡಿಸಿಲಿಗೆ ₹8,000.
>
> 2021ರ ಏಪ್ರಿಲ್ 1ರಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಕೊಡುವ ‘ಭಾರತ ಗೃಹ ರಕ್ಷಾ’ ಪಾಲಿಸಿಯಲ್ಲಿ ಬಿರುಗಾಳಿ, ಚಂಡಮಾರುತ, ಪ್ರವಾಹ ಎಲ್ಲವೂ ಸೇರಿವೆ. ಮನೆಯ ವಿಮಾ ಮೊತ್ತದ ಶೇ 20ರಷ್ಟು, ಗರಿಷ್ಠ ₹10 ಲಕ್ಷದವರೆಗೆ, ಮನೆಯೊಳಗಿನ ಸಾಮಾನಿಗೂ ರಕ್ಷೆ ತಾನಾಗಿ ಸಿಗುತ್ತದೆ. ಪಾಲಿಸಿಯನ್ನು ಹತ್ತು ವರ್ಷದವರೆಗೆ ಪಡೆಯಬಹುದು.

ಶೀಟು ಹಾರಿದ ಮೇಲೆ ಕೊಡುವ ₹6,500ರಲ್ಲಿ ಒಂದು ಭಾಗವನ್ನು ಹಾರುವ ಮೊದಲೇ ಬೋಲ್ಟಿಗೆಂದು ಕೊಡುವಂತಾದರೆ? ಹಾಗೆ ಕೇಳುವುದು ಅತಿಯಾಸೆಯಲ್ಲ. ಆಡಿ ಗಾಳಿಗೆ ಮೊದಲು ಊರಿಗೊಬ್ಬ ತರಬೇತಾದ ಮೇಸ್ತ್ರಿ, ಒಂದು ಚೀಲ ಬೋಲ್ಟು, ಒಂದು ಸುರುಳಿ ತಂತಿ ಇದ್ದರೆ ಒಂದು ಕೇರಿಯ ಚಾವಣಿಗಳನ್ನು ಕೆಲವೇ ದಿನಗಳಲ್ಲಿ ಬಿಗಿಯಬಹುದು. ಕೋಳಿ ಶೆಡ್ಡನ್ನು ಕಂಪನಿಯವರು ಬಂದು ನೋಡುವಂತೆ ಮನೆಯ ಚಾವಣಿಯನ್ನು ಪಂಚಾಯಿತಿಯವರು ಬಂದು ನೋಡಲಿ. ಬಾಡಿಗೆ ಲೈನ್ ಮನೆಗಳಿಗೆ ಇದು ಕಡ್ಡಾಯವಾಗಲಿ. ಅಲ್ಲಿ ಒಡೆಯನ ಮನಸ್ಸಿಗೆ ಬಿಟ್ಟರೆ ನಡೆಯುವುದಿಲ್ಲ ಎಂಬುದನ್ನು ಈಗಾಗಲೇ ನೋಡಿದ್ದೇವೆ.

ತಮಿಳುನಾಡು ಸರ್ಕಾರ 2024ರಲ್ಲಿ ‘ಕಲೈಞರ್ ಕನವು ಇಲ್ಲಂ’ ಯೋಜನೆ ಆರಂಭಿಸಿತು. ಗ್ರಾಮೀಣ ಗುಡಿಸಿಲುವಾಸಿಗಳಿಗೆ 2030ರೊಳಗೆ 8 ಲಕ್ಷ ಕಾಂಕ್ರೀಟ್ ಮನೆ ಅದರ ಗುರಿ, ಮನೆಯೊಂದಕ್ಕೆ ₹3.5 ಲಕ್ಷ. ಕಾಂಕ್ರೀಟ್ ತಾರಸಿಯನ್ನು ಆಡಿ ಗಾಳಿ ಎತ್ತಲಾರದು. ಇದು ನಿಜವಾದ ರಕ್ಷೆ. ಆದರೆ ಬಿಸಿಲಿನ ಝಳಕ್ಕೆಂದು ಅದೇ ತಾರಸಿಯ ಮೇಲೆ ತಗಡಿನ ಚಪ್ಪರ ಏರುತ್ತದೆ, ಒಂದು ಅಂತಸ್ತು ಎತ್ತರದಲ್ಲಿ, ಗಾಳಿ ಇನ್ನಷ್ಟು ಜೋರಾಗಿರುವಲ್ಲಿ, ನಾಲ್ಕೇ ಬೋಲ್ಟಿನ ಮೇಲೆ. ಬೆಂಗಳೂರಿನ ತಾರಸಿಗಳಲ್ಲೂ ಅವು ದಿನೇದಿನೇ ಹೆಚ್ಚುತ್ತಿವೆ. ಮನೆ ಕಟ್ಟಲು ಅನುಮತಿ ಕೇಳುವವರು ಆ ಚಪ್ಪರಕ್ಕೆ ಯಾರನ್ನೂ ಕೇಳುವುದಿಲ್ಲ, ಯಾರೂ ಬಂದು ನೋಡುವುದೂ ಇಲ್ಲ.